ಕಿರುಮನೆಯ ಹಿರಿಮೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಮಾತು. ಈ ಎರಡು ಕಾರ್ಯಗಳಲ್ಲಿ ಮನುಷ್ಯನ ಜಾಣ್ಮೆ, ತಾಳ್ಮೆ, ಹಣ ಮೂರೂ ಪರೀಕ್ಷೆಗೆ ಒಳಗಾಗುತ್ತವೆ. ಮದುವೆಯ ಖರ್ಚು ಕೆಲವು ದಿನಗಳಲ್ಲಿ ಮುಗಿಯುತ್ತದೆ. ಮನೆಯ ವಿಷಯ ಹಾಗಲ್ಲ. ಗೃಹಪ್ರವೇಶದ ದಿನ ಮುಗಿಯುವುದು ಕಟ್ಟುವ ಖರ್ಚು ಮಾತ್ರ. ಬಾಳುವ ಖರ್ಚು ಅಂದಿನಿಂದಲೇ ಆರಂಭವಾಗುತ್ತದೆ. ಹಗಲಿನಲ್ಲಿಯೂ ದೀಪವನ್ನು ಬೇಡುವ ಕೋಣೆ, ಬೇಸಗೆಯಲ್ಲಿ ಕಾದ ಕಾವಲಿಯಂತಾಗುವ ತಾರಸಿ, ಸುರಿದ ಮಳೆಯನ್ನೆಲ್ಲ ಬೀದಿಯ ಚರಂಡಿಗೆ ಒಪ್ಪಿಸಿ ನೀರಿಗಾಗಿ ಟ್ಯಾಂಕರಿನ ದಾರಿ ಕಾಯುವ ಅಂಗಳ, ಇವೆಲ್ಲ ತಿಂಗಳು ತಿಂಗಳೂ ಮನೆಯವರಿಂದ ಕಂದಾಯವನ್ನು ವಸೂಲು ಮಾಡುತ್ತಲೇ ಇರುತ್ತವೆ.

ಈ ಕಂದಾಯ ಎಷ್ಟು ಎಂಬುದು ನಿರ್ಧಾರವಾಗುವುದು ಎಂದು? ಬಹುಮಟ್ಟಿಗೆ ಅದು ತಳಪಾಯವನ್ನು ಅಗೆಯುವ ಮೊದಲೇ, ಕಾಗದದ ಮೇಲೆ ನಕ್ಷೆಯ ಮೊದಲ ಗೆರೆ ಬೀಳುವಾಗಲೇ ನಿರ್ಧಾರವಾಗಿಬಿಡುತ್ತದೆ. ಸೂರ್ಯನು ಯಾವ ದಿಕ್ಕಿನಿಂದ ಬಿಸಿಲನ್ನು ಸುರಿಸುತ್ತಾನೆ, ಗಾಳಿ ಎತ್ತಣಿಂದ ಬೀಸುತ್ತದೆ, ಮಳೆ ಎಷ್ಟು ಬೀಳುತ್ತದೆ, ಕಾಲ ಕೆಳಗಿನ ಮಣ್ಣು ಎಂತಹುದು ಎಂಬ ನಾಲ್ಕು ಪ್ರಶ್ನೆಗಳನ್ನು ಆಗ ಕೇಳಿಕೊಂಡರೆ ಉತ್ತರಕ್ಕೆ ಹಣ ಬೇಕಾಗಿಲ್ಲ. ಮನೆ ಎದ್ದು ನಿಂತ ಮೇಲೆ ಕೇಳಿದರೆ ಪ್ರತಿಯೊಂದು ಉತ್ತರವನ್ನೂ ಯಂತ್ರದ ಮೂಲಕ, ಹಣ ತೆತ್ತು ಕೊಳ್ಳಬೇಕಾಗುತ್ತದೆ.

ನಮ್ಮ ನಾಡಿನ ಹಳೆಯ ಮನೆಗಳನ್ನು ನೋಡಿದರೆ, ಅವುಗಳನ್ನು ಕಟ್ಟಿದವರು ಈ ಪ್ರಶ್ನೆಗಳನ್ನು ಚೆನ್ನಾಗಿ ಅರಿತಿದ್ದರೆಂಬುದು ತಿಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂತಹ ಮಲೆನಾಡಿನ ಮನೆಗಳಿಗೆ ಕಡಿದಾದ ಇಳಿಜಾರು ಮಾಡು, ಗೋಡೆಗಳಿಂದ ಬಹುದೂರ ಚಾಚಿದ ಸೂರು. ನೀರು ಮಾಡಿನ ಮೇಲೆ ನಿಲ್ಲದು. ಇರಚಲು ಮಣ್ಣಿನ ಗೋಡೆಯನ್ನು ಮುಟ್ಟದು. ವಿಜಯಪುರದ ಕಡೆ ಮಳೆ ಸುಮಾರು 600 ಮಿಲಿಮೀಟರು. ಬಿಸಿಲು ಮಾತ್ರ ಉಗ್ರ. ಅಲ್ಲಿ ದಪ್ಪ ಗೋಡೆ, ಚಿಕ್ಕ ಕಿಟಕಿ, ಮೇಲೆ ಮಣ್ಣು ಹಾಸಿದ ಮಾಳಿಗೆ. ಹಗಲಿನ ಕಾವು ಆ ದಪ್ಪ ಮಣ್ಣನ್ನು ದಾಟಿ ಒಳಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಆಗ ಬಾಗಿಲು ಕಿಟಕಿಗಳನ್ನು ತೆರೆದರೆ ಇರುಳಿನ ತಂಗಾಳಿ ಅದನ್ನು ಒಯ್ಯುತ್ತದೆ. ಹಳೆಯ ಮೈಸೂರಿನ ತೊಟ್ಟಿಯ ಮನೆಯಲ್ಲಿ ನಡುವಿನ ತೆರಪಿನಿಂದ ಬೆಳಕು ಒಳಗೆ ಬರುತ್ತದೆ, ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ. ಒಂದೇ ನಾಡಿನೊಳಗೆ ಮೂರು ಬಗೆಯ ಮನೆಗಳು! ಇಂದು ಆಗುಂಬೆಯಲ್ಲಿಯೂ ವಿಜಯಪುರದಲ್ಲಿಯೂ ಮೈಸೂರಿನಲ್ಲಿಯೂ ಒಂದೇ ಅಚ್ಚಿನಿಂದ ತೆಗೆದಂತಹ ಕಾಂಕ್ರೀಟಿನ ಪೆಟ್ಟಿಗೆಗಳು ಏಳುತ್ತಿವೆ. ಹವೆ ಬೇರೆಯಾದರೂ ಮನೆ ಒಂದೇ ಆದರೆ, ಆ ಅಂತರವನ್ನು ತುಂಬುವುದು ವಿದ್ಯುತ್ತಿನ ಕೆಲಸವಾಗುತ್ತದೆ.

ಹಾಗೆಂದು ನಾವೆಲ್ಲರೂ ತೊಟ್ಟಿಯ ಮನೆಗೆ ಹಿಂದಿರುಗಬೇಕೆಂದಲ್ಲ. ಅಷ್ಟು ನೆಲ, ಅಷ್ಟು ಮರ, ಅಷ್ಟು ಜನರ ಕೂಡುಕುಟುಂಬ ಇಂದು ಎಲ್ಲಿವೆ? ನಾಲ್ಕು ಜನರ ಒಂದು ಸಂಸಾರ. 30 ಅಡಿ, 40 ಅಡಿಯ ನಿವೇಶನ. ಬೆಂಗಳೂರಿನಂತಹ ಹವೆ ಎಂದು ಭಾವಿಸೋಣ. ಹಿರಿಯರ ಅರಿವನ್ನೂ ಇಂದಿನ ವಿಜ್ಞಾನವನ್ನೂ ಜೊತೆಗೂಡಿಸಿ ಇಲ್ಲಿ ಒಂದು ಮನೆಯನ್ನು ಮನಸ್ಸಿನಲ್ಲಿಯೇ ಕಟ್ಟಿ ನೋಡೋಣ.

ಮೊದಲನೆಯದು ಮನೆಯ ಅಳತೆ. ನಿವೇಶನ 1200 ಚದರಡಿ ಇದೆಯೆಂದು ಅಷ್ಟನ್ನೂ ಗೋಡೆಗಳಿಂದ ತುಂಬಬೇಕಾಗಿಲ್ಲ. 30 ಅಡಿ ಉದ್ದ, 20 ಅಡಿ ಅಗಲದ 600 ಚದರಡಿಯ ಮನೆ ಈ ಸಂಸಾರಕ್ಕೆ ಸಾಲುತ್ತದೆ. ಚಿಕ್ಕ ಮನೆಯೆಂದರೆ ಇಕ್ಕಟ್ಟಿನ ಮನೆಯೆಂದು ಅರ್ಥವಲ್ಲ. ಬಳಸದ ಜಾಗವಿಲ್ಲದ ಮನೆ ಎಂದರ್ಥ. ವರ್ಷಕ್ಕೆ ನಾಲ್ಕು ದಿನ ಬರುವ ಅತಿಥಿಗಾಗಿ ಒಂದು ಕೋಣೆಯನ್ನು ಕಟ್ಟಿ ಉಳಿದ ದಿನಗಳಲ್ಲಿ ಅದಕ್ಕೆ ಬೀಗ ಹಾಕುವುದಕ್ಕಿಂತ, ಮನೆಯ ಮುಂದೆ ಅಗಲವಾದ ಜಗಲಿಯನ್ನು ಕಟ್ಟುವುದು ಮೇಲು. ಬೆಳಗ್ಗೆ ಅದು ಮಕ್ಕಳ ಓದುವ ಮನೆ. ಮಧ್ಯಾಹ್ನ ಕಾಳು ಹಸನು ಮಾಡುವ ಸ್ಥಳ. ಸಂಜೆ ನೆರೆಯವರೊಡನೆ ಕುಳಿತು ಮಾತನಾಡುವ ಚಾವಡಿ. ಗೋಡೆಯಲ್ಲಿಯೇ ಗೂಡುಗಳನ್ನು ಬಿಟ್ಟರೆ ಬೀರುಗಳಿಗೆ ನೆಲ ಬೇಡ. ಕಟ್ಟದೆ ಬಿಟ್ಟ ಒಂದೊಂದು ಚದರಡಿಯಿಂದಲೂ ಇಟ್ಟಿಗೆ, ಸಿಮೆಂಟು, ಕಬ್ಬಿಣ ಉಳಿಯುತ್ತವೆ. ಗುಡಿಸುವ ಶ್ರಮವೂ ಉಳಿಯುತ್ತದೆ.

ಎರಡನೆಯದು ದಿಕ್ಕು. ಮನೆಯ ಉದ್ದನೆಯ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿರಲಿ. ಗಿಡ್ಡನೆಯ ಗೋಡೆಗಳು ಮಾತ್ರ ಪೂರ್ವ ಪಶ್ಚಿಮಗಳಿಗಿರಲಿ. ಇದಕ್ಕೆ ಕಾರಣವೇನು? ಬೆಳಗ್ಗೆ ಮತ್ತು ಸಂಜೆ ಸೂರ್ಯನು ಕೆಳಗಿರುತ್ತಾನೆ. ಅವನ ಕಿರಣಗಳು ಸಜ್ಜದ ಅಡಿಯಲ್ಲಿ ನುಸುಳಿ ನೇರವಾಗಿ ಗೋಡೆಗೂ ಕಿಟಕಿಗೂ ಬಡಿಯುತ್ತವೆ. ಅದರಲ್ಲಿಯೂ ಪಶ್ಚಿಮದ ಬಿಸಿಲು, ಮಧ್ಯಾಹ್ನದ ಕಾವಿನಿಂದ ಮೊದಲೇ ಬಿಸಿಯಾದ ಮನೆಯನ್ನು ಇನ್ನಷ್ಟು ಕಾಯಿಸುತ್ತದೆ. ಆದುದರಿಂದ ಪಶ್ಚಿಮದ ಅಂಚಿನಲ್ಲಿ ಸ್ನಾನದ ಮನೆ, ಉಗ್ರಾಣ, ಮೆಟ್ಟಿಲುಗಳನ್ನು ಇಟ್ಟರೆ ಅವು ಗುರಾಣಿಯಂತೆ ಬಿಸಿಲನ್ನು ತಡೆದು ಮಲಗುವ ಕೋಣೆಯನ್ನು ಕಾಪಾಡುತ್ತವೆ. ಅಡುಗೆಮನೆ ಪೂರ್ವದ ಕಡೆಗಿರಲಿ. ಮುಂಗಾರಿನ ನೈಋತ್ಯದ ಗಾಳಿಯು ಆಗ ಒಲೆಯ ಕಾವನ್ನೂ ಒಗ್ಗರಣೆಯ ಘಾಟನ್ನೂ ಮನೆಯೊಳಕ್ಕೆ ತಳ್ಳದೆ ಹೊರಕ್ಕೆ ಒಯ್ಯುತ್ತದೆ.

ದಕ್ಷಿಣದ ಕಿಟಕಿಯ ಮಾತು ಇನ್ನೂ ಸ್ವಾರಸ್ಯವಾದುದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ ಅಲ್ಲಿ ನಡುಹಗಲಿನ ಸೂರ್ಯನು ದಿಗಂತದಿಂದ ಸುಮಾರು 77 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟ್ ನಡುವಿನವರೆಗೂ ಉತ್ತರದ ಕಡೆಗೇ ಇರುತ್ತಾನೆ. ಡಿಸೆಂಬರಿನಲ್ಲಾದರೋ ದಕ್ಷಿಣಕ್ಕೆ ಸರಿದು ಸುಮಾರು 53 ಡಿಗ್ರಿಗೆ ಇಳಿಯುತ್ತಾನೆ. ನಾಲ್ಕು ಅಡಿ ಎತ್ತರದ ದಕ್ಷಿಣ ಕಿಟಕಿಯ ಮೇಲೆ, ಅದರ ತಲೆಯ ಮಟ್ಟದಲ್ಲಿಯೇ ಎರಡು ಅಡಿ ಚಾಚಿದ ಸಜ್ಜವಿದ್ದರೆ, ಮಾರ್ಚಿನ ನಡುಹಗಲಿನಲ್ಲಿ ಕಿಟಕಿಯೆಲ್ಲವೂ ನೆರಳಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ಕೆಳಗಿನ ಒಂದು ಅಡಿಗೂ ಹೆಚ್ಚು ಭಾಗದಿಂದ ಎಳೆಬಿಸಿಲು ಒಳಗೆ ಬರುತ್ತದೆ. ಬೇಸಗೆಯಲ್ಲಿ ಬಾರದೆ ಚಳಿಗಾಲದಲ್ಲಿ ಮಾತ್ರ ಬರುವ ಇಂತಹ ಅತಿಥಿಯನ್ನು ಕರೆಯುವುದಕ್ಕೆ ಎರಡು ಅಡಿಯ ಸಜ್ಜವಲ್ಲದೆ ಬೇರೆ ಯಾವ ಯಂತ್ರವೂ ಬೇಡ. ಗಣಿತದ ತರಗತಿಯಲ್ಲಿ ಕಲಿಯುವ ತ್ರಿಕೋನಮಿತಿಯ ಲೆಕ್ಕ ಇಲ್ಲಿ ಹೀಗೆ ಮನೆಯವರ ಸುಖವಾಗಿ ಪರಿಣಮಿಸುತ್ತದೆ.

ಗಾಳಿಯ ಗುಣವನ್ನೂ ಅರಿಯಬೇಕು. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಒಳಗೆ ಬರುವುದೇ ಇಲ್ಲ. ಆದುದರಿಂದ ಪ್ರತಿ ಕೋಣೆಗೂ ಎದುರುಬದುರಾಗಿ ಎರಡು ಕಿಂಡಿಗಳಾದರೂ ಇರಬೇಕು. ಬಿಸಿಗಾಳಿ ಮೇಲಕ್ಕೇರುವುದರಿಂದ ಛಾವಣಿಯ ಹತ್ತಿರ ಬೆಳಕಿಂಡಿಗಳನ್ನು ಬಿಟ್ಟರೆ ಅದು ತಾನಾಗಿಯೇ ಹೊರಟುಹೋಗುತ್ತದೆ.

ಮೂರನೆಯದು ಗೋಡೆ. ಸುಟ್ಟ ಇಟ್ಟಿಗೆಗೆ ಹೊಲದ ಮೇಲ್ಮಣ್ಣೂ ಬೇಕು, ಗೂಡಿಗೆ ಸೌದೆ ಅಥವಾ ಕಲ್ಲಿದ್ದಲೂ ಬೇಕು. ಸುಡದೆಯೇ ಗಟ್ಟಿಯಾದ ಇಟ್ಟಿಗೆಯನ್ನು ಮಾಡಲಾಗದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಘಟಕ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ವಿಜ್ಞಾನವನ್ನು ಹಳ್ಳಿಗಳ ಬಾಳಿಗೆ ಒದಗಿಸುವುದೇ ಅದರ ಗುರಿಯಾಗಿತ್ತು. ಅಲ್ಲಿನ ವಿಜ್ಞಾನಿಗಳು ಮಣ್ಣಿಗೆ ಬೇಕಾದಷ್ಟು ಮರಳನ್ನೂ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟನ್ನೂ ಬೆರೆಸಿ, ಕೈಯಿಂದ ನಡೆಸುವ ಒತ್ತುಯಂತ್ರದಲ್ಲಿ ಅದುಮಿ ಅಚ್ಚುಗಳನ್ನು ತಯಾರಿಸಿದರು. ಇವನ್ನು ಸುಡಬೇಕಾಗಿಲ್ಲ, ಕೆಲವು ವಾರ ನೀರು ಚಿಮುಕಿಸಿ ಹದಗೊಳಿಸಿದರೆ ಸಾಕು. ಇಂತಹ ಅಚ್ಚಿನ ಗೋಡೆಗೆ ತಗಲುವ ಶಕ್ತಿ, ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಸುಮಾರು ಮೂರನೆಯ ಒಂದು ಭಾಗ ಮಾತ್ರ. ತಳಪಾಯಕ್ಕೆಂದು ಅಗೆದ ಮಣ್ಣೇ ಎಷ್ಟೋ ಕಡೆ ಗೋಡೆಯಾಗಿ ಮೇಲೇಳುತ್ತದೆ.

ಆದರೆ ಎಲ್ಲ ಮಣ್ಣೂ ಇದಕ್ಕೆ ಒದಗುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಂತಹ ಕಡೆ ಸ್ಥಳದಲ್ಲಿಯೇ ದೊರೆಯುವ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದಿನ ಹಾಸುಗಲ್ಲು ಹೆಚ್ಚು ಸೂಕ್ತ. ಮಣ್ಣಿನ ಗುಣವನ್ನು ಒಂದು ಗಾಜಿನ ಸೀಸೆಯಿಂದಲೇ ಮೋಟಾಗಿ ಅರಿಯಬಹುದು. ಸೀಸೆಗೆ ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಟ್ಟರೆ, ಮರಳು ಅಡಿಗೆ ಕುಳಿತು, ಅದರ ಮೇಲೆ ನವುರು ಮಣ್ಣೂ ಜೇಡಿಯೂ ಪದರ ಪದರವಾಗಿ ನಿಲ್ಲುತ್ತವೆ. ಮಣ್ಣಿನ ಗೋಡೆಗೆ ಎತ್ತರವಾದ ಕಲ್ಲಿನ ಅಡಿಪಾಯ, ಮೇಲೆ ಅಗಲವಾದ ಸೂರು ಇರಲೇಬೇಕು. ಈ ಎರಡರಲ್ಲಿ ಜಿಪುಣತನ ತೋರಿದವನಿಗೆ ಮಳೆಗಾಲವೇ ಪಾಠ ಕಲಿಸುತ್ತದೆ.

ನಾಲ್ಕನೆಯದು ಛಾವಣಿ. ನಮ್ಮ ನಾಡಿನಲ್ಲಿ ಸೂರ್ಯನು ವರ್ಷದ ಬಹುಭಾಗ ಎತ್ತರದಲ್ಲಿರುವುದರಿಂದ ಮನೆಯ ಎಲ್ಲ ಅಂಗಗಳಿಗಿಂತ ಹೆಚ್ಚು ಬಿಸಿಲನ್ನು ಹೊರುವುದು ಛಾವಣಿಯೇ. ಇಲ್ಲಿ ಲಾರಿ ಬೇಕರ್ ಅವರನ್ನು ನೆನೆಯಬೇಕು. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಈ ವಾಸ್ತುಶಿಲ್ಪಿ, ತಾಯ್ನಾಡಿಗೆ ಮರಳಲು ಮುಂಬಯಿಯಲ್ಲಿ ಹಡಗಿಗಾಗಿ ಕಾಯುತ್ತಿದ್ದಾಗ ಗಾಂಧೀಜಿಯವರನ್ನು ಕಂಡರು. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳನ್ನು ಕಟ್ಟುವ ಕೆಲಸಕ್ಕಾಗಿ ಭಾರತಕ್ಕೆ ಬಂದವರು ಇಲ್ಲಿಯವರೇ ಆಗಿಬಿಟ್ಟರು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯೊಳಗೆ ದೊರೆಯಬೇಕೆಂಬ ಗಾಂಧೀಜಿಯವರ ಆಶಯವನ್ನು ಅವರು ಜೀವನವಿಡೀ ನೆನಪಿನಲ್ಲಿಟ್ಟುಕೊಂಡರು. 1970ರ ದಶಕದ ಆರಂಭದಲ್ಲಿ ತಿರುವನಂತಪುರದಲ್ಲಿ ಅವರು ಕಟ್ಟತೊಡಗಿದ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ಇಟ್ಟಿಗೆಯ ಜಾಲಂಧ್ರಗಳ ಮೂಲಕ ಗಾಳಿಯೂ ತಂಪಾದ ಬೆಳಕೂ ಒಳಗೆ ಬರುತ್ತವೆ. ಗುಡ್ಡವನ್ನು ಸಮತಟ್ಟು ಮಾಡದೆ, ಅದರ ಏರಿಳಿತವನ್ನು ಅನುಸರಿಸಿಯೇ ಕಟ್ಟಡಗಳು ನಿಂತಿವೆ. 1990ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. 2007ರಲ್ಲಿ ಅವರು ತಿರುವನಂತಪುರದಲ್ಲಿಯೇ ಕೊನೆಯುಸಿರೆಳೆದರು.

ಬೇಕರ್ ಬಳಕೆಗೆ ತಂದ ಛಾವಣಿಯ ತತ್ವ ಸರಳವಾದುದು. ಕಾಂಕ್ರೀಟಿನ ಹಾಸಿನ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಹಿಗ್ಗಲೆಳಸುತ್ತದೆ. ಅದುಮುವ ಬಲವನ್ನು ಕಾಂಕ್ರೀಟು ತಾಳಿಕೊಳ್ಳುತ್ತದೆ. ಎಳೆಯುವ ಬಲವನ್ನು ತಾಳುವುದು ಕಬ್ಬಿಣದ ಸರಳು. ಹೀಗಿರುವಾಗ ಕೆಳಭಾಗದಲ್ಲಿ ಸರಳುಗಳ ನಡುವೆ ತುಂಬಿರುವ ಕಾಂಕ್ರೀಟು ಭಾರವೇ ಹೊರತು ಬಲವಲ್ಲ. ಅಲ್ಲಿ ಮಂಗಳೂರು ಹೆಂಚುಗಳನ್ನು ಜೋಡಿಯಾಗಿ ಇಟ್ಟರೆ ಸಿಮೆಂಟು ಉಳಿಯುತ್ತದೆ, ಛಾವಣಿ ಹಗುರವಾಗುತ್ತದೆ, ಹೆಂಚುಗಳ ನಡುವಿನ ಗಾಳಿ ಕಾವನ್ನು ತಡೆಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ನಾಡಿನ ಉದ್ದಗಲಕ್ಕೂ ಹರಡಿದ ಆ ಹೆಂಚು, ಹೀಗೆ ಕಾಂಕ್ರೀಟಿನ ಒಡಲೊಳಗೂ ಸ್ಥಾನ ಪಡೆಯಿತು. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ಗೋಡೆಯನ್ನೂ ಅವರು ಪ್ರಚಾರಕ್ಕೆ ತಂದರು. ಅದರಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಈ ಯಾವುದೂ ಆಗದಿದ್ದರೂ, ಈಗಿರುವ ತಾರಸಿಗೆ ಬೇಸಗೆಗೆ ಮುನ್ನ ಸುಣ್ಣ ಬಳಿದರೂ ಒಳಗಿನ ಕಾವು ಇಳಿಯುತ್ತದೆ. ಬಿಳಿಯ ಬಣ್ಣವು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ.

ಛಾವಣಿಗೆ ಇನ್ನೂ ಒಂದು ಕೆಲಸವಿದೆ. ಅದು ಮಳೆಯನ್ನು ಹಿಡಿಯುವುದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಮ್ಮ ಮನೆಯ 600 ಚದರಡಿ ಎಂದರೆ ಸುಮಾರು 56 ಚದರ ಮೀಟರು. ಅದರ ಮೇಲೆ 900 ಮಿಲಿಮೀಟರು ಮಳೆ ಬಿದ್ದರೆ ಸುಮಾರು 50,000 ಲೀಟರು ನೀರು. ಸೋರಿ, ಆರಿ ಹೋದುದನ್ನು ಕಳೆದರೂ 40,000 ಲೀಟರು ಕೈಗೆ ಬರುತ್ತದೆ. ನಾಲ್ಕು ಜನರಿಗೆ ಕುಡಿಯಲು, ಅಡುಗೆ ಮಾಡಲು ದಿನಕ್ಕೆ 40 ಲೀಟರು ಬೇಕೆಂದರೂ ವರ್ಷಕ್ಕೆ ಬೇಕಾದುದು 14,600 ಲೀಟರು ಮಾತ್ರ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ಮರಳು ಇದ್ದಿಲುಗಳ ಸೋಸುಕದಿಂದ ಹಾಯಿಸಿ ತೊಟ್ಟಿಗೆ ತುಂಬಬೇಕು. ಕುಡಿಯುವ ನೀರನ್ನು ಕಾಯಿಸಿ ಆರಿಸಬೇಕು. ತೊಟ್ಟಿ ತುಂಬಿ ಹೆಚ್ಚಾದ ನೀರನ್ನು ಇಂಗುಗುಂಡಿಗೆ ಬಿಡಬೇಕು. ಕಾವೇರಿಯ ನೀರು ಬೆಂಗಳೂರನ್ನು ತಲುಪುವುದು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿ. ಆ ಏರಿಕೆಯೆಲ್ಲವೂ ವಿದ್ಯುತ್ತಿನ ಬಲದಿಂದಲೇ ಆಗಬೇಕು. ಆದುದರಿಂದ ನೀರನ್ನು ಉಳಿಸಿದವನು ವಿದ್ಯುತ್ತನ್ನೂ ಉಳಿಸಿದಂತೆ. ಬೆಂಗಳೂರಿನಲ್ಲಿ ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸುವ ಕಾನೂನು 2009ರಲ್ಲಿ ಬಂದಿತು. ಆದರೂ 2024ರ ಬೇಸಗೆಯಲ್ಲಿ ಸಾವಿರಾರು ಕೊಳವೆ ಬಾವಿಗಳು ಬತ್ತಿ, ಜನರು ಕೊಡಗಳನ್ನು ಹಿಡಿದು ಸಾಲುಗಟ್ಟಿ ನಿಲ್ಲಬೇಕಾಯಿತು. ಕಾನೂನಿನ ಪುಸ್ತಕದಲ್ಲಿರುವ ನೀರಿನಿಂದ ಬಾಯಾರಿಕೆ ಹಿಂಗದು.

ನಿವೇಶನದಲ್ಲಿ ಕಟ್ಟದೆ ಉಳಿಸಿದ 600 ಚದರಡಿಯ ಬೆಲೆ ಈಗ ತಿಳಿಯುತ್ತದೆ. ಮಳೆ ಇಂಗುವುದು ಆ ಮಣ್ಣಿನಲ್ಲಿ. ಸ್ನಾನದ ನೀರು ಹರಿಯುವ ಕಡೆ ನಾಲ್ಕು ಬಾಳೆ. ಹಿತ್ತಲಿನಲ್ಲಿ ಒಂದು ನುಗ್ಗೆ, ಒಂದು ಕರಿಬೇವು. ಅಡುಗೆಮನೆಯ ಕಸಕ್ಕೆ ಒಂದು ಗೊಬ್ಬರದ ಗುಂಡಿ. ಪಶ್ಚಿಮಕ್ಕೆ ನೆರಳು ಕೊಡುವ ಮರವೊಂದಿದ್ದರೆ ಗೋಡೆಗೆ ಬಿಸಿಲೇ ತಾಗದು.

ಯಂತ್ರಗಳ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಸ್ನಾನಕ್ಕಾಗಿ ನೂರು ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ನಾಲ್ಕೂವರೆ ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕು. ತಾರಸಿಯ ಮೇಲಿನ ಸೌರ ಜಲತಾಪಕವು ಬಿಸಿಲಿರುವ ದಿನಗಳಲ್ಲಿ ಈ ಕೆಲಸವನ್ನು ಖರ್ಚಿಲ್ಲದೆ ಮಾಡುತ್ತದೆ. ಒಂದು ಕಿಲೋವಾಟಿನ ಸೌರಫಲಕಗಳಿಗೆ ಸುಮಾರು 100 ಚದರಡಿ ಜಾಗ ಸಾಕು. ಅವು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟಿನಷ್ಟು ವಿದ್ಯುತ್ತನ್ನು ಕೊಡುತ್ತವೆ. ತಂಪಾದ, ಬೆಳಕಿನ ಮನೆಗೆ ಇಷ್ಟು ವಿದ್ಯುತ್ತು ಬಹುಪಾಲು ಸಾಲುತ್ತದೆ. ಕಾಯುವ ಮನೆಗೆ ಸಾಲದು; ಏಕೆಂದರೆ ಅಲ್ಲಿ ಬೇಕಾಗುವ ಒಂದು ಹವಾನಿಯಂತ್ರಕವು ಸುಮಾರು 1500 ವಾಟು, ಎಂದರೆ 75 ವಾಟಿನ ಇಪ್ಪತ್ತು ಫ್ಯಾನುಗಳಷ್ಟು ವಿದ್ಯುತ್ತನ್ನು ಬೇಡುತ್ತದೆ. ಬೇಡಿಕೆಯನ್ನು ಮೊದಲು ತಗ್ಗಿಸಿ ಆಮೇಲೆ ಪೂರೈಕೆಯನ್ನು ಯೋಚಿಸುವುದು ಜಾಣತನ. ತಳ ತೂತಾದ ಕೊಡಕ್ಕೆ ಎಷ್ಟು ನೀರು ಸುರಿದರೇನು?

“ಮಣ್ಣಿನ ಮನೆಯೇ? ಚಿಕ್ಕ ಮನೆಯೇ? ನಾಲ್ಕು ಜನ ಏನೆಂದಾರು?” ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ; ಏಕೆಂದರೆ ಎಷ್ಟೋ ಸಂಸಾರಗಳು ಮುಳುಗುವುದು ಇದರಿಂದಲೇ. ನೆರೆಯವರ ಮಹಡಿಗಿಂತ ನಮ್ಮ ಮಹಡಿ ಎತ್ತರವಾಗಬೇಕೆಂಬ ಹಟದಲ್ಲಿ ಸಾಲ ಬೆಳೆಯುತ್ತದೆ. ಸಾಲದ ಕಂತು ತೀರಿಸುವುದಕ್ಕಾಗಿ ಮಕ್ಕಳ ಓದಿಗೆಂದು ಕೂಡಿಟ್ಟ ಹಣ ಕರಗುತ್ತದೆ. ಕಾಯಿಲೆಗೆ ಔಷಧಿ ಕೊಳ್ಳಲು ಕೈ ಹಿಂದೆಗೆಯುತ್ತದೆ. ಹೊರಗಿನಿಂದ ನೋಡುವ ನಾಲ್ಕು ಜನ ಒಂದು ನಿಮಿಷ ನೋಡಿ ಹೋಗುತ್ತಾರೆ. ಒಳಗಿನ ನಾಲ್ಕು ಜನ ಅದರಲ್ಲಿ ನಲವತ್ತು ವರ್ಷ ಬಾಳಬೇಕು. ಮನೆಯನ್ನು ಯಾರಿಗಾಗಿ ಕಟ್ಟಬೇಕೆಂಬುದು ಇದರಿಂದ ತಿಳಿಯುವುದಿಲ್ಲವೇ?

ಇಲ್ಲಿ ಹೇಳಿದ ಮನೆಯೇ ಎಲ್ಲರಿಗೂ ಮಾದರಿಯೆಂದು ಭಾವಿಸಬಾರದು. ಹಾಗೆ ಭಾವಿಸಿದರೆ ಅದೂ ಮತ್ತೊಂದು ಅಚ್ಚಾಗುತ್ತದೆ. ಕರಾವಳಿಯವರಿಗೆ ಬೇರೆ ಮಾಡು, ಕಲಬುರಗಿಯವರಿಗೆ ಬೇರೆ ಗೋಡೆ, ಕೊಡಗಿನವರಿಗೆ ಬೇರೆ ಕಿಟಕಿ. ಬದಲಾಗದೆ ಉಳಿಯಬೇಕಾದುವು ಬಿಸಿಲು, ಗಾಳಿ, ಮಳೆ, ಮಣ್ಣುಗಳನ್ನು ಕುರಿತ ಆ ನಾಲ್ಕು ಪ್ರಶ್ನೆಗಳು ಮಾತ್ರ. ಇಂದು ಈ ಪಾಠವನ್ನು ಓದುತ್ತಿರುವವರಲ್ಲಿ ಅನೇಕರು ಮುಂದೆ ಮನೆ ಕಟ್ಟಿಸುವರು. ಕೆಲವರು ಮನೆ ಕಟ್ಟುವ ಮೇಸ್ತ್ರಿಗಳೋ ಎಂಜಿನಿಯರುಗಳೋ ಆಗುವರು. ನಕ್ಷೆಗೆ ಮೊದಲ ಗೆರೆಯೆಳೆಯುವ ದಿನ ಬರಿಯ ನಿವೇಶನದಲ್ಲಿ ಒಂದು ಹಗಲು ನಿಂತು, ನೆರಳು ಹೇಗೆ ಸರಿಯುತ್ತದೆಂಬುದನ್ನು ನೋಡಿದರೆ, ಮನೆಯ ಅರ್ಧ ಕೆಲಸವನ್ನು ಅಲ್ಲಿಯೇ ಮುಗಿಸಿದಂತಾಗುತ್ತದೆ.

ಅಭ್ಯಾಸ

1. ಮಲೆನಾಡಿನ ಮನೆಗೂ ವಿಜಯಪುರದ ಕಡೆಯ ಮನೆಗೂ ಇರುವ ವ್ಯತ್ಯಾಸಗಳೇನು? ಅವುಗಳಿಗೆ ಕಾರಣಗಳನ್ನು ತಿಳಿಸಿ.
2. ದಕ್ಷಿಣದ ಕಿಟಕಿಗೆ ಎರಡು ಅಡಿಯ ಸಜ್ಜವಿದ್ದರೆ ಆಗುವ ಪ್ರಯೋಜನವನ್ನು ವಿವರಿಸಿ.
3. ಛಾವಣಿಯಲ್ಲಿ ಹೆಂಚುಗಳನ್ನು ಅಳವಡಿಸುವುದರ ತತ್ವವೇನು?
4. “ನೀರನ್ನು ಉಳಿಸಿದವನು ವಿದ್ಯುತ್ತನ್ನೂ ಉಳಿಸಿದಂತೆ” ಎಂಬ ಮಾತನ್ನು ಸಮರ್ಥಿಸಿ.
5. ನಿಮ್ಮ ಶಾಲೆಯ ಛಾವಣಿಯ ಅಳತೆಯನ್ನೂ ನಿಮ್ಮ ಊರಿನ ಮಳೆಯ ಪ್ರಮಾಣವನ್ನೂ ತಿಳಿದು, ವರ್ಷಕ್ಕೆ ಎಷ್ಟು ನೀರನ್ನು ಹಿಡಿಯಬಹುದೆಂಬುದನ್ನು ಲೆಕ್ಕ ಮಾಡಿ.